ಮೂಲ ಉಡುಪು ಎಂಬ ಮಾತು: ವಂಡರ್ ವುಮನ್, ಐಸಯಾ ಬ್ರಾಡ್ಲಿ ಮತ್ತು ಅಭಿಮಾನಿಗಳ ಸಿಟ್ಟು

ಬಟ್ಟೆ ಬದಲಾಯಿಸಿದ್ದಕ್ಕೆ ಜನ ರೊಚ್ಚಿಗೆದ್ದರು ಅಂದರೆ ನಮಗೆ ಅದರಲ್ಲಿ ಹೊಸದೇನೂ ಇಲ್ಲ. ಮದುವೆಗಂಡು ಕುದುರೆ ಹತ್ತಿದ್ದಕ್ಕೆ, ಹುಡುಗ ಮೀಸೆ ತಿರುವಿದ್ದಕ್ಕೆ, ಮೆಟ್ಟು ಹಾಕಿಕೊಂಡು ಮೇಲುಕೇರಿ ಹಾದದ್ದಕ್ಕೆ ಏಟು ತಿಂದ ಸುದ್ದಿ ಈಗಲೂ ಬರುತ್ತಲೇ ಇದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯನ್ನೇ ಉಡುಪು ಅಂತ ಗೊತ್ತುಮಾಡಿತ್ತು. ತಿರುವಾಂಕೂರಿನ ನಾಡಾರ್ ಹೆಂಗಸರು ಎದೆಯ ಮೇಲೊಂದು ಬಟ್ಟೆ ಹಾಕಿಕೊಳ್ಳಲು ದಶಕಗಟ್ಟಲೆ ಬಡಿದಾಡಬೇಕಾಯಿತು. 1859ರಲ್ಲಿ ರಾಜಾಜ್ಞೆ ಹೊರಟಾಗಲೂ ಒಂದು ಷರತ್ತು ಉಳಿದೇ ಇತ್ತು: ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿ ಹೆಂಗಸರ ಹಾಗೆ ಉಡಬೇಡಿ. ಉಡುಪು ಅನ್ನೋದು ನಮ್ಮ ಮಟ್ಟಿಗೆ ಬರೀ ಅಭಿರುಚಿಯ ಪ್ರಶ್ನೆ ಯಾವತ್ತೂ ಆಗಿರಲಿಲ್ಲ.

ಈ ಲೇಖನದ ವಿಷಯ ಮಾತ್ರ ಕಾಗದದ ಮೇಲಿನ ಬಟ್ಟೆ. ಅಮೆರಿಕದ ಕಾಮಿಕ್ಸ್ ಲೋಕದಲ್ಲಿ ಸೂಪರ್‌ಮ್ಯಾನ್, ವಂಡರ್ ವುಮನ್, ಕ್ಯಾಪ್ಟನ್ ಅಮೆರಿಕಾ ಮುಂತಾದ ಅತಿಮಾನುಷರಿದ್ದಾರೆ. ಅವರ ಉಡುಪಿನಲ್ಲಿ ಒಂದು ಪಟ್ಟಿ, ಒಂದು ಚಡ್ಡಿ ಹೆಚ್ಚುಕಮ್ಮಿಯಾದರೂ ಸಾಕು, ಅಭಿಮಾನಿಗಳು ತಿರುಗಿ ಬೀಳುತ್ತಾರೆ. ಕಾಗದ ಬರೆಯುತ್ತಾರೆ, ಪುಸ್ತಕ ಕೊಳ್ಳೋದು ಬಿಡ್ತೀವಿ ಅಂತಾರೆ, ಬಾಲ್ಯ ಕಸಿದುಕೊಂಡರು ಅಂತ ಗೋಳಾಡುತ್ತಾರೆ. ಇದಕ್ಕೂ ದಲಿತ ವಿಮರ್ಶೆಗೂ ಏನು ಸಂಬಂಧ ಅಂತ ಗೆಳೆಯರು ಕೇಳಬಹುದು. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಜನರ ಚಿಂತಕ ಡುಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟರು. ಅವರ ಕಾವ್ಯ, ಅವರ ಆತ್ಮಕತೆ, ಅವರ ಹಾಡು ನಮಗೆ ಬೇಕಾಯಿತು. ಆದರೆ ಅಲ್ಲಿನ ಬಿಳಿ ಮಕ್ಕಳೂ ಕಪ್ಪು ಮಕ್ಕಳೂ ಓದಿ ಬೆಳೆದ ಅಗ್ಗದ ಬಣ್ಣದ ಪುಸ್ತಕಗಳನ್ನು ನಾವು ಮೂಸಿಯೂ ನೋಡಲಿಲ್ಲ. ಶಿಷ್ಟ ವಿಮರ್ಶೆ ಯಾವುದನ್ನು ಕೀಳು ಅಂದಿತೋ ಅದನ್ನು ನಾವೂ ಕೀಳು ಅಂತ ಒಪ್ಪಿಕೊಂಡುಬಿಟ್ಟೆವು. ಇದು ದಲಿತ ವಿಮರ್ಶೆ ಮಾಡುವ ಕೆಲಸ ಅಲ್ಲ.

ನನ್ನ ಮಾತು ಇಷ್ಟು. 'ಮೂಲ ಉಡುಪೇ ಬೇಕು' ಅಂತ ಅಭಿಮಾನಿಗಳು ಕೂಗಿದಾಗ ಜಗಳ ಬಟ್ಟೆಯದ್ದು ಅನ್ನಿಸುತ್ತೆ. ಆ ಬಟ್ಟೆ ಹೋದಾಗ ಅಥವಾ ಮರಳಿ ಬಂದಾಗ ಯಾರ ಕೆಲಸ ಹೋಯಿತು, ಯಾರ ಕತೆ ಅರ್ಧಕ್ಕೆ ನಿಂತಿತು, ಯಾರ ಮೈಗೆ ಅದು ನಿಷಿದ್ಧವಾಯಿತು ಅಂತ ವಿಚಾರಿಸಿದರೆ ಮಾತ್ರ ಆ ಸಿಟ್ಟಿನ ಒಳಗು ಕಾಣುತ್ತೆ.

ಮೊದಲು ಈ 'ಮೂಲ' ಅನ್ನೋ ಮಾತನ್ನೇ ಹಿಡಿಯೋಣ. ವಂಡರ್ ವುಮನ್ ಹುಟ್ಟಿದ್ದು 1941ರಲ್ಲಿ. ಹುಟ್ಟಿಸಿದವನು ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಚಿತ್ರ ಬರೆದವನು ಎಚ್.ಜಿ. ಪೀಟರ್. ಕೆಂಪು ಕುಪ್ಪಸದ ಮೇಲೆ ಹೊನ್ನಿನ ಹದ್ದು, ನೀಲಿಯ ಮೇಲೆ ಬಿಳಿ ನಕ್ಷತ್ರ, ಅಂದರೆ ಅಮೆರಿಕದ ಬಾವುಟವನ್ನೇ ಹರಿದು ಹೊಲಿದ ಹಾಗೆ. ಆಗ ಯುದ್ಧಕಾಲ, ಬಾವುಟಕ್ಕೆ ಬೆಲೆ. ಶುರುವಿನಲ್ಲಿ ಅವಳಿಗಿದ್ದದ್ದು ಲಂಗದಂಥ ಬಟ್ಟೆ. ಕೆಲವೇ ಕಾಲದಲ್ಲಿ ಅದು ಚಡ್ಡಿಯಾಯಿತು. ಆಮೇಲೆ ಬೂಟು ಹೋಗಿ ದಾರ ಸುತ್ತಿದ ಚಪ್ಪಲಿ ಬಂತು, ಮತ್ತೆ ಬೂಟು ಬಂತು. 1982ರಲ್ಲಿ ಹದ್ದನ್ನು ತೆಗೆದು ಅವಳ ಹೆಸರಿನ ಎರಡು ಅಕ್ಷರ ಹಾಕಿದರು. 1990ರ ದಶಕದ ನಡುವೆ ಒಬ್ಬ ಚಿತ್ರಗಾರ ಆ ಚಡ್ಡಿಯನ್ನು ದಾರದಷ್ಟಕ್ಕೆ ಇಳಿಸಿದ. ಹೀಗೆ ಹತ್ತಾರು ಸಲ ಬದಲಾದ ಬಟ್ಟೆಗೆ ಮೂಲ ಯಾವುದು? ತಾನು ಹತ್ತು ವರ್ಷದ ಮಗುವಾಗಿದ್ದಾಗ ನೋಡಿದ್ದೇ ಅಭಿಮಾನಿಗೆ ಮೂಲ.

ಬಣ್ಣದ ವಿಷಯ ಇನ್ನೂ ಮಜ. ಈ ವೀರರೆಲ್ಲ ಕೆಂಪು ನೀಲಿ ಹಳದಿ ತೊಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಅಚ್ಚುಮನೆ. ಅಗ್ಗದ ಕಾಗದ, ನಾಲ್ಕೇ ಶಾಯಿ. ಮಂದ ಬಣ್ಣ ಹಾಕಿದರೆ ಮಸಿಯಾಗಿಬಿಡುತ್ತಿತ್ತು. ನಮ್ಮಲ್ಲೂ ಹುಡುಗರು ಓದಿದ ಫ್ಯಾಂಟಮ್‌ನ ಉಡುಪು ಬೂದಿ ಬಣ್ಣ ಅಂತ ಅವನ ಕರ್ತೃ ಲೀ ಫಾಕ್ ಅಂದುಕೊಂಡಿದ್ದ. 1939ರಲ್ಲಿ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಹೊರಬಂತು. ಸ್ವೀಡನ್‌ನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು. ಅಚ್ಚಿನವನ ಕೈಯಲ್ಲಾದದ್ದು ಮುಂದೆ ಶಾಸ್ತ್ರವಾಯಿತು. (ಆ ಉಡುಪಿನೊಳಗಿನ ಬಿಳಿಯನನ್ನು ಕಾಡಿನ ಕಪ್ಪು ಕುಳ್ಳರು ತಲೆಮಾರುಗಟ್ಟಲೆ ಕಾಯುತ್ತ ಕೂತಿರುತ್ತಾರೆ ಅನ್ನೋದು ಬೇರೆಯೇ ಲೇಖನಕ್ಕೆ ವಸ್ತು.)

ಈಗ 1968ಕ್ಕೆ ಬರೋಣ. ವಂಡರ್ ವುಮನ್ ಪುಸ್ತಕ ಮಂಕಾಗಿತ್ತು. ಬರೆಯುವ ಡೆನ್ನಿಸ್ ಓನೀಲ್, ಚಿತ್ರದ ಮೈಕ್ ಸೆಕೋವ್‌ಸ್ಕಿ ಸೇರಿ ಅವಳ ಶಕ್ತಿಯನ್ನೂ ಉಡುಪನ್ನೂ ಕಳಚಿಸಿದರು. ಅವಳು ಡಯಾನಾ ಪ್ರಿನ್ಸ್ ಎಂಬ ಬರೀ ಮನುಷ್ಯಳಾದಳು. ಬಟ್ಟೆ ಅಂಗಡಿ ಇಟ್ಟಳು, ಐ ಚಿಂಗ್ ಎಂಬ ಕುರುಡ ಚೀನೀ ಮುದುಕನಿಂದ ಕೈಕಾಲಿನ ಕಾದಾಟ ಕಲಿತಳು, ಬರಬರುತ್ತ ಬಿಳಿ ಪ್ಯಾಂಟು ತೊಟ್ಟು ಓಡಾಡತೊಡಗಿದಳು. ಮುದುಕನ ಬಣ್ಣ ಮೈಗಿಂತ ಹೆಚ್ಚು ಹಳದಿ, ಹೆಸರು ಒಂದು ಗ್ರಂಥದ್ದು. ಪೂರ್ವದವರು ಅಂದರೆ ಇಷ್ಟೇ ಅವರಿಗೆ. ಅದೇನೇ ಇರಲಿ, ದೇವತೆಯಾಗಿದ್ದವಳು ಬಾಡಿಗೆ ಕಟ್ಟುವ ಹೆಂಗಸಾದಳು ಅನ್ನೋದು ಸಣ್ಣ ಬದಲಾವಣೆ ಏನಲ್ಲ.

ಈ ಬದಲಾವಣೆಯನ್ನು ಒಪ್ಪದವರಲ್ಲಿ ಗ್ಲೋರಿಯಾ ಸ್ಟೈನೆಮ್ ಒಬ್ಬರು. ಅಮೆರಿಕದ ಸ್ತ್ರೀವಾದಿ ಚಳವಳಿಯ ದೊಡ್ಡ ಹೆಸರು, ವಂಡರ್ ವುಮನ್ ಓದಿ ಬೆಳೆದವರು. 1972ರ ಜುಲೈನಲ್ಲಿ ಅವರ 'ಮಿಸ್' ಪತ್ರಿಕೆಯ ಮೊದಲ ಮಾಸಿಕ ಸಂಚಿಕೆ ಬಂತು. ಮುಖಪುಟದಲ್ಲಿ ಹಳೆಯ ಕೆಂಪು ನೀಲಿ ಉಡುಪಿನ ವಂಡರ್ ವುಮನ್ ಊರಿಗಿಂತ ಎತ್ತರಕ್ಕೆ ಹೆಜ್ಜೆ ಹಾಕುತ್ತಿದ್ದಾಳೆ, ತಲೆಯ ಮೇಲೆ ಅವಳನ್ನು ರಾಷ್ಟ್ರಾಧ್ಯಕ್ಷೆ ಮಾಡಿ ಎಂಬ ಕರೆ. ಅದೇ ವರ್ಷ ಅವಳ ಹಳೆಯ ಕತೆಗಳ ಸಂಕಲನವನ್ನೂ 'ಮಿಸ್' ತಂದಿತು. ಕಾಮಿಕ್ಸ್ ಕಂಪನಿ ಡಿಸಿಯ ಒಡೆಯ ಸಂಸ್ಥೆಯೇ 'ಮಿಸ್'ಗೆ 10 ಲಕ್ಷ ಡಾಲರ್ ಹೂಡಿ ನಾಲ್ಕನೇ ಒಂದು ಪಾಲು ಪಡೆದಿತ್ತು ಎಂಬುದನ್ನೂ ಮರೆಯಬಾರದು. ಅಭಿಮಾನ, ಚಳವಳಿ, ಬಂಡವಾಳ ಮೂರೂ ಒಂದೇ ಬಟ್ಟೆಯ ಹಿಂದೆ ನಿಂತವು. ಉಡುಪು ಮರಳಿ ಬಂತು. ಸ್ತ್ರೀವಾದದ ಚರಿತ್ರೆಯಲ್ಲಿ ಇದನ್ನು ಒಂದು ಗೆಲುವು ಅಂತಲೇ ಬರೆಯುತ್ತಾರೆ.

ಗೆಲುವೇ ಸರಿ. ಆದರೆ ಆ ಹೊತ್ತಿನಲ್ಲಿ ಆ ಪುಸ್ತಕವನ್ನು ಬರೆಯುತ್ತಿದ್ದವನು ಯಾರು? ಸ್ಯಾಮ್ಯುಯೆಲ್ ಡೆಲನಿ. ಹುಟ್ಟಿದ್ದು 1942ರಲ್ಲಿ, ಹಾರ್ಲೆಮ್‌ನ ಕಪ್ಪು ಮನೆತನದಲ್ಲಿ. ಅವನ ಅಜ್ಜ ಹುಟ್ಟಿದ್ದು ಗುಲಾಮನಾಗಿ. ಇಪ್ಪತ್ತೈದು ತುಂಬುವ ಹೊತ್ತಿಗೆ ವಿಜ್ಞಾನ ಕಾದಂಬರಿಗೆ ನೆಬ್ಯುಲಾ ಪ್ರಶಸ್ತಿ ಗೆದ್ದವನು. 1972ರ ಕೊನೆಯಲ್ಲಿ ಬಂದ ವಂಡರ್ ವುಮನ್‌ನ 202 ಮತ್ತು 203ನೇ ಸಂಚಿಕೆ ಅವನವು. ಎರಡನೆಯದರ ಮುಖಪುಟದಲ್ಲೇ ಇದು ಮಹಿಳಾ ವಿಮೋಚನೆಯ ವಿಶೇಷ ಸಂಚಿಕೆ ಅಂತ ಹಾಕಿದ್ದರು.

ಆ ಕತೆ ಸ್ವಲ್ಪ ನೋಡಬೇಕು. ದೊಡ್ಡ ಅಂಗಡಿಯ ಒಡೆಯನೊಬ್ಬ ಡಯಾನಾಳ ಹೆಸರು ಬಳಸಿ ಬಟ್ಟೆ ಮಾರಲು ಅವಳಿಗೆ ಕೈತುಂಬ ಸಂಬಳದ ಕೆಲಸ ಕೊಡ್ತಾನೆ. ಅದೇ ಅಂಗಡಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕಾನೂನು ಹೇಳುವ ಕನಿಷ್ಠ ಕೂಲಿಯೂ ಇಲ್ಲ. ಹೆಂಗಸರ ಗುಂಪೊಂದು ಪ್ರತಿಭಟಿಸುತ್ತೆ. ಡಯಾನಾ ಮೊದಮೊದಲು ಆ ಗುಂಪಿಗೂ ತನಗೂ ಸಂಬಂಧ ಇಲ್ಲ ಅಂತ ಇರ್ತಾಳೆ, ಆಮೇಲೆ ಸೇರ್ತಾಳೆ. ಹೋರಾಟ ಗೆದ್ದು ಅಂಗಡಿ ಮುಚ್ಚುತ್ತೆ. ಎಲ್ಲರೂ ಹಿಗ್ಗುವ ಹೊತ್ತಿಗೆ ಬಾಗಿಲಲ್ಲಿ ಬೇರೆ ಹೆಂಗಸರು ಬಂದು ನಿಂತಿದ್ದಾರೆ: ಅಂಗಡಿ ಮುಚ್ಚಿಸಿದಿರಿ, ನಮ್ಮ ಕೆಲಸ ಹೋಯ್ತಲ್ಲ, ಈಗೇನು ಮಾಡೋಣ ಅಂತ. ಕತೆ ಅಲ್ಲಿಗೇ ನಿಲ್ಲುತ್ತೆ.

ಚಳವಳಿ ಮಾಡಿದವರಿಗೆ ಈ ಬಾಗಿಲು ಗೊತ್ತು. ಮಲ ಹೊರುವುದನ್ನು ನಿಲ್ಲಿಸಿದ ಮೇಲೆ, ಜೀತ ಬಿಡಿಸಿದ ಮೇಲೆ, ಬಿಟ್ಟಿ ಚಾಕರಿ ಒಲ್ಲೆ ಅಂದ ಮೇಲೆ ನಾಳೆಯ ಗಂಜಿ ಎಲ್ಲಿಂದ ಅಂತ ಕೇಳುವ ಮುಖಗಳು ನಮ್ಮ ಸಭೆಗಳ ಬಾಗಿಲಲ್ಲೂ ನಿಂತಿದ್ದವು. ನಮ್ಮ ಕತೆಗಳಲ್ಲೇ ಎಷ್ಟೋ ಇಂಥ ಕಡೆ ಘೋಷಣೆ ಕೂಗಿ ಮುಗಿಸುತ್ತವೆ. ಡೆಲನಿಯ ಕತೆ ಕಲೆಯ ದೃಷ್ಟಿಯಿಂದ ಒರಟು, ಮಾತು ಅಲ್ಲಲ್ಲಿ ಭಾಷಣ. ಆದರೂ ಕೊನೆಯಲ್ಲಿ ಆ ಪ್ರಶ್ನೆಯನ್ನು ಬಾಗಿಲಲ್ಲೇ ನಿಲ್ಲಿಸುವ ಧೈರ್ಯ ಅವನಿಗಿತ್ತು.

ಮುಂದಿನ ಸಂಚಿಕೆಯಲ್ಲಿ ಅವನು ಇದಕ್ಕೆ ಉತ್ತರ ಹುಡುಕಬೇಕಿತ್ತು. ಒಟ್ಟು ಆರು ಕತೆಗಳ ಸರಣಿ ಅದು. ಕೊನೆಯದರಲ್ಲಿ ಹೆಂಗಸರೇ ನಡೆಸುವ ಗರ್ಭಪಾತದ ಆಸ್ಪತ್ರೆಯೊಂದರ ಮೇಲೆ ಪುಂಡರು ಎರಗಿದಾಗ ಡಯಾನಾ ಎದುರು ನಿಲ್ಲುತ್ತಾಳೆ ಅಂತ ಅವನ ಯೋಜನೆ. ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ಎತ್ತಿಹಿಡಿದದ್ದು 1973ರ ಜನವರಿಯಲ್ಲಿ (ಅದೇ ಕೋರ್ಟು 2022ರಲ್ಲಿ ಅದನ್ನು ಕಿತ್ತುಕೊಂಡಿತು). ಅಂದರೆ ಇವನು ಯೋಚಿಸಿದ್ದು ಅದಕ್ಕೂ ಮೊದಲು. ಅವನೇ ಮುಂದೆ ಹೇಳಿಕೊಂಡಿರುವ ಪ್ರಕಾರ, ಸ್ಟೈನೆಮ್ ಡಿಸಿ ಕಚೇರಿಗೆ ಬಂದು ವಂಡರ್ ವುಮನ್ ತನ್ನ ಉಡುಪಿನಲ್ಲಿಲ್ಲದ್ದನ್ನು ಕಂಡು ಆಕ್ಷೇಪಿಸಿದರು, ಪುಸ್ತಕದೊಳಗೆ ಏನಿದೆ ಅಂತ ನೋಡಲಿಲ್ಲ, ಸರಣಿ ಕೈಬಿಟ್ಟುಹೋಯಿತು. ಇದು ಅವನ ಕಡೆಯ ಮಾತು. ಅಷ್ಟು ದೊಡ್ಡ ಕಂಪನಿ ಒಬ್ಬರು ಬಂದು ಹೇಳಿದರು ಅಂತ ಕೇಳಿತೇ, ಲಾಭದ ಲೆಕ್ಕ ಹಾಕಿ ಕೇಳಿತೇ ಅನ್ನೋ ಅನುಮಾನ ನನಗಿದೆ. ಪರಿಣಾಮದ ಬಗ್ಗೆ ಮಾತ್ರ ಅನುಮಾನ ಇಲ್ಲ. ಉಡುಪು ಬಂತು, ಕೂಲಿ ಹೆಂಗಸರು ಹೋದರು, ಅವರನ್ನು ಬರೆಯುತ್ತಿದ್ದ ಕಪ್ಪು ಲೇಖಕ ಹೋದ.

204ನೇ ಸಂಚಿಕೆ 1973ರ ಆರಂಭದ್ದು. ಬರೆದು ಸಂಪಾದಿಸಿದವನು ರಾಬರ್ಟ್ ಕನಿಗರ್. ಮೊದಲ ಪುಟಗಳಲ್ಲೇ ಒಬ್ಬ ಹಂತಕ ಮಹಿಳಾ ಪತ್ರಿಕೆಯೊಂದರ ಸಂಪಾದಕಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅವಳ ಹೆಸರು ಡಿಸಿಯಲ್ಲೇ ಸಂಪಾದಕಿಯಾಗಿದ್ದ ಡೊರೊಥಿ ವುಲ್‌ಫೋಕ್ ಎಂಬಾಕೆಯ ಹೆಸರನ್ನು ಅಣಕಿಸಿ ಇಟ್ಟದ್ದು. ಅಲ್ಲಿ ಉಣ್ಣೆ, ಇಲ್ಲಿ ಹತ್ತಿ. ಚೀನೀ ಮುದುಕನೂ ಸಾಯುತ್ತಾನೆ. ಡಯಾನಾ ನೆನಪು ಕಳೆದುಕೊಂಡು ತನ್ನ ದ್ವೀಪಕ್ಕೆ ಹೋಗಿ, ಶಕ್ತಿಯನ್ನೂ ಉಡುಪನ್ನೂ ಪಡೆದು ಮರಳುತ್ತಾಳೆ. ಸ್ತ್ರೀವಾದದ ಗೆಲುವು ಅಂತ ಹೇಳಲಾಗುವ ಉಡುಪು ಬಂದದ್ದು ಒಬ್ಬ ಹೆಂಗಸಿನ ಹೆಣ ದಾಟಿಕೊಂಡು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಪುಟ ತೆರೆದರೆ ಅಲ್ಲೇ ಇದೆ.

ಅದೇ ಸಂಚಿಕೆಯಲ್ಲಿ ಇನ್ನೊಬ್ಬಳು ಬರುತ್ತಾಳೆ. ಮೈತುಂಬ ಉಕ್ಕಿನ ಕವಚ, ಮುಖ ಮುಚ್ಚಿದೆ. ಕಾಳಗಕ್ಕೆ ಕರೆಯುತ್ತಾಳೆ. ಮುಖವಾಡ ತೆಗೆದರೆ ಕಪ್ಪು ಹೆಣ್ಣು, ಹೆಸರು ನ್ಯೂಬಿಯಾ. ಮುಂದಿನ ಸಂಚಿಕೆಗಳಲ್ಲಿ ಅವಳ ಕತೆ ಗೊತ್ತಾಗುತ್ತೆ: ರಾಣಿ ಹಿಪ್ಪೊಲಿಟಾ ಬಿಳಿ ಮಣ್ಣಿನಿಂದ ಒಂದು, ಕಪ್ಪು ಮಣ್ಣಿನಿಂದ ಒಂದು ಮಗು ಮಾಡಿದ್ದಳು, ಕಪ್ಪು ಮಗುವನ್ನು ಯುದ್ಧದೇವತೆ ಕದ್ದೊಯ್ದ. ಅಂದರೆ ವಂಡರ್ ವುಮನ್‌ನ ಒಡಹುಟ್ಟಿದವಳು, ಬಲದಲ್ಲಿ ಅವಳಿಗೆ ಸಮ. ಮಣ್ಣಿನ ಬಣ್ಣದಿಂದ ಹುಟ್ಟನ್ನು ವಿವರಿಸುವ ಪುರಾಣ ನಮಗೂ ಹೊಸದಲ್ಲ; ನಮ್ಮಲ್ಲಿ ಮಣ್ಣಿನ ಬದಲು ಮುಖ, ತೋಳು, ತೊಡೆ, ಪಾದ. ಮೂರು ಸಂಚಿಕೆ ಆಡಿಸಿ ನ್ಯೂಬಿಯಾಳನ್ನು ಮೂಲೆಗೆ ಸರಿಸಿದರು. 1970ರ ದಶಕದಲ್ಲಿ ಮೆಗೊ ಎಂಬ ಆಟಿಕೆ ಕಂಪನಿ ಅವಳ ಗೊಂಬೆ ಮಾಡಿತು. ತಂಗಿ ಅಂತ ಅಲ್ಲ, ವಂಡರ್ ವುಮನ್‌ನ ವೈರಿ ಅಂತ ಡಬ್ಬಿಯ ಮೇಲೆ ಬರೆದು ಮಾರಿತು. ಹಳೆಯ ಉಡುಪಿಗಾಗಿ ಕೂಗಿದವರಲ್ಲಿ ಎಷ್ಟು ಜನ ಇವಳಿಗಾಗಿ ಕೂಗಿದರು?

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಆ ಉಡುಪನ್ನು ಪ್ರೀತಿಸಿದ ಹೆಣ್ಣುಮಕ್ಕಳು ಮೂರ್ಖರಲ್ಲ. ಗಂಡು ವೀರರೇ ತುಂಬಿದ್ದ ಲೋಕದಲ್ಲಿ ಗುಂಡುಗಳನ್ನು ಕೈಬಳೆಯಿಂದ ತಡೆಯುವ ಒಬ್ಬಳು ಇದ್ದಳು. ಅವಳಿಂದ ಶಕ್ತಿ ಕಿತ್ತುಕೊಂಡು ಅಂಗಡಿಯಲ್ಲಿ ಕೂರಿಸಿದಾಗ ಅವರಿಗೆ ನೋವಾದದ್ದು ದಿಟವಾದ ನೋವು. ಗಂಡಸರು ಕೂತು ತೀರ್ಮಾನಿಸಿದ ಬದಲಾವಣೆ ಅದು. ಕನ್ನಡದಲ್ಲಿ ಅಭಿಮಾನಿ ಅನ್ನೋ ಪದಕ್ಕೆ ತೂಕ ಇದೆ. ರಾಜಕುಮಾರ್ ಅಭಿಮಾನಿಗಳನ್ನು ದೇವರು ಅಂದರು. ದೇವರಾದವನಿಗೆ ತಾನು ಒಪ್ಪಿದ ರೂಪವೇ ಬೇಕು, ಅಷ್ಟೇ ತೊಂದರೆ. ದಲಿತ ಚಳವಳಿ ಅದೇ ಪದದ ಹಿಂದೆ 'ಸ್ವ' ಸೇರಿಸಿಕೊಂಡಿತು. ಅಭಿಮಾನ ಇನ್ನೊಬ್ಬರ ಮೈಮೇಲಿನ ಬಟ್ಟೆಯದು, ಸ್ವಾಭಿಮಾನ ತನ್ನ ಮೈಮೇಲಿನದು. ಇವೆರಡು ಎದುರುಬದುರಾದಾಗ ಏನಾಗುತ್ತೆ ಅನ್ನೋದಕ್ಕೆ ಕ್ಯಾಪ್ಟನ್ ಅಮೆರಿಕಾನ ಉಡುಪಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕ್ಯಾಪ್ಟನ್ ಅಮೆರಿಕಾ, ಅಂದರೆ ಸ್ಟೀವ್ ರೋಜರ್ಸ್ ಎಂಬ ಬಡಕಲು ಬಿಳಿ ಹುಡುಗ, ಒಂದು ಮದ್ದು ಚುಚ್ಚಿಸಿಕೊಂಡು ಮಹಾವೀರನಾದವನು. ಮೊದಲ ಪುಸ್ತಕದ ಮುಖಪುಟದಲ್ಲೇ ಹಿಟ್ಲರ್‌ನ ದವಡೆಗೆ ಗುದ್ದುತ್ತಾನೆ. ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯೆಹೂದಿಗಳ ಮಕ್ಕಳು. ಅರವತ್ತು ವರ್ಷ ಕಳೆದ ಮೇಲೆ, 2003ರಲ್ಲಿ, ರಾಬರ್ಟ್ ಮೊರಾಲೆಸ್ ಬರೆದು ಕೈಲ್ ಬೇಕರ್ ಚಿತ್ರಿಸಿದ 'ಟ್ರೂತ್' ಎಂಬ ಏಳು ಸಂಚಿಕೆಯ ಕತೆ ಬಂತು. ಅದು ಕೇಳುವ ಪ್ರಶ್ನೆ ಸರಳ: ಆ ಕಾಲದ ಅಮೆರಿಕದಲ್ಲಿ ಇಂಥ ಮದ್ದನ್ನು ಪರೀಕ್ಷೆ ಮಾಡಬೇಕಾದರೆ ಯಾರ ಮೈಮೇಲೆ ಮಾಡುತ್ತಿದ್ದರು? ಪ್ರಶ್ನೆಯ ಹಿಂದೆ ಟಸ್ಕಿಗೀ ಇದೆ. 1932ರಿಂದ 1972ರ ತನಕ ಸರ್ಕಾರದ ವೈದ್ಯರು ಅಲ್ಲಿನ ನೂರಾರು ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಮದ್ದು ಕೊಡದೆ, ಅದು ಹೇಗೆ ಬೆಳೆಯುತ್ತೆ ಅಂತ ನೋಡುತ್ತಾ ಕೂತಿದ್ದರು. ಮದ್ದು ಸಿಗುವಂತಾದ ಮೇಲೂ ಕೊಡಲಿಲ್ಲ.

ಕತೆಯಲ್ಲಿ ಕಪ್ಪು ಸೈನಿಕರ ಮೇಲೆ ಪ್ರಯೋಗ ನಡೆಯುತ್ತೆ. ಮೈ ಉಬ್ಬಿ, ಸಿಡಿದು, ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ಉಳಿದವನು ಐಸಯಾ ಬ್ರಾಡ್ಲಿ. ಸಾವು ಖಚಿತವೆನ್ನುವ ಕೆಲಸಕ್ಕೆ ಅವನನ್ನು ಒಬ್ಬನೇ ಕಳಿಸಿದಾಗ, ಅವನು ಬಿಳಿ ಕ್ಯಾಪ್ಟನ್ನನಿಗೆ ಅಂತ ಹೊಲಿಸಿಟ್ಟಿದ್ದ ಉಡುಪನ್ನು ಕದ್ದು ತೊಟ್ಟುಕೊಂಡು ಹೋಗುತ್ತಾನೆ. ಶತ್ರುಗಳ ಕೈಯಿಂದ ಬದುಕಿ ಬರುತ್ತಾನೆ. ಬಂದವನಿಗೆ ಪದಕ ಇಲ್ಲ, ಸೈನಿಕ ನ್ಯಾಯಾಲಯ. ಅಪರಾಧ: ಉಡುಪು ಕದ್ದದ್ದು. ಹದಿನೇಳು ವರ್ಷ ಒಂಟಿ ಕೋಣೆ. ಹೊರಬರುವಾಗ ಅವನ ಬುದ್ಧಿ ಎಳೆಯ ಮಗುವಿನಂತಾಗಿದೆ.

ಬಟ್ಟೆ ತೊಟ್ಟದ್ದಕ್ಕೆ ಶಿಕ್ಷೆ. ಇದನ್ನು ಓದುವಾಗ ನನಗೆ ಅದು ಅಮೆರಿಕದ ಕತೆ ಅಂತ ಅನ್ನಿಸಲೇ ಇಲ್ಲ.

ಅಭಿಮಾನಿಗಳು ಏನು ಮಾಡಿದರು? ಪುಸ್ತಕ ಕೈಗೆ ಬರುವ ಮೊದಲೇ, ಬರೀ ಸುದ್ದಿ ಕೇಳಿಯೇ, ಸಿಟ್ಟು ಭುಗಿಲೆದ್ದಿತು. ಕ್ಯಾಪ್ಟನ್ ಅಮೆರಿಕಾ ಕಪ್ಪಗಿರಲು ಹೇಗೆ ಸಾಧ್ಯ, ಸ್ಟೀವ್‌ನ ಕತೆಗೆ ಮೈಲಿಗೆಯಾಯಿತು ಎಂಬ ಧಾಟಿ. ಇದರಲ್ಲಿ 'ಕರಿಯ ಬೇಡ' ಅಂತ ನೇರವಾಗಿ ಹೇಳಿದವರಿಗಿಂತ, 'ನಮಗೆ ಬಣ್ಣ ಮುಖ್ಯವಲ್ಲ, ಕತೆಯ ಪರಂಪರೆ ಕೆಡಬಾರದು' ಎಂದವರ ಮಾತು ಹೆಚ್ಚು ಸೂಕ್ಷ್ಮವಾದದ್ದು. ಈ ಭಾಷೆ ನಮಗೆ ಗೊತ್ತು. ನಮ್ಮಲ್ಲಿ ದೇವಸ್ಥಾನದ ಬಾಗಿಲಲ್ಲಿ ನಿಂತವನೂ 'ನನಗೇನೂ ಇಲ್ಲಪ್ಪ, ಸಂಪ್ರದಾಯ ಹಾಗಿದೆ' ಅಂತಲೇ ಹೇಳೋದು. ಓದಿ ಮುಗಿಸಿದ ಮೇಲೆ ಮನಸ್ಸು ಬದಲಿಸಿದವರೂ ಇದ್ದರು. ಬೇಕರ್‌ನ ಚಿತ್ರ ವ್ಯಂಗ್ಯಚಿತ್ರದ ಹಾಗಿದೆ, ಗಂಭೀರ ವಿಷಯಕ್ಕೆ ಒಗ್ಗಲ್ಲ ಅಂದವರೂ ಇದ್ದರು. ನನಗಂತೂ ಆ ಸೊಟ್ಟ ಗೆರೆ ಇಷ್ಟ. ನುಣುಪಾಗಿ ಬರೆದಿದ್ದರೆ ಆ ಸಾವುಗಳು ಚಂದ ಕಾಣುತ್ತಿದ್ದವು.

ಕಪ್ಪು ಜನರೊಳಗೇ ನಡೆಯುವ ವಾದ ಇದಕ್ಕಿಂತ ಗಹನವಾದದ್ದು. 2014ರಲ್ಲಿ ಸ್ಯಾಮ್ ವಿಲ್ಸನ್ ಎಂಬ ಕಪ್ಪು ಪಾತ್ರ ಪುಸ್ತಕಗಳಲ್ಲಿ ಕ್ಯಾಪ್ಟನ್ ಅಮೆರಿಕಾ ಆದ. 2021ರಲ್ಲಿ ಅದೇ ಕತೆ ಟೆಲಿವಿಷನ್ ಸರಣಿಯಾಗಿ ಬಂತು. ಅದರಲ್ಲಿ ಮುದುಕ ಐಸಯಾ, ಬುದ್ಧಿ ಸ್ವಾಧೀನದಲ್ಲೇ ಇರುವ ಐಸಯಾ, ಸ್ಯಾಮ್‌ಗೆ ಹೇಳುವ ಮಾತಿನ ತಾತ್ಪರ್ಯ ಹೀಗಿದೆ: ಅವರು ಕರಿಯನೊಬ್ಬನನ್ನು ಕ್ಯಾಪ್ಟನ್ ಅಮೆರಿಕಾ ಆಗಲು ಎಂದೂ ಬಿಡಲ್ಲ, ಬಿಟ್ಟರೂ ಮಾನ ಇರುವ ಯಾವ ಕರಿಯನೂ ಆಗಬಾರದು. ಸ್ಯಾಮ್ ಕೇಳಿಸಿಕೊಳ್ಳುತ್ತಾನೆ, ಆದರೂ ತೊಡುತ್ತಾನೆ. ಕಂಪನಿಗೆ ತೊಡಿಸಬೇಕಿತ್ತು, ತೊಡಿಸಿತು ಅನ್ನೋದು ಇದ್ದದ್ದೇ. ಆದರೆ ಆ ಇಬ್ಬರ ಜಗಳ ನಮ್ಮ ಹಳೆಯ ಜಗಳ. ಅವರ ದೇವಸ್ಥಾನಕ್ಕೆ ನುಗ್ಗಬೇಕೇ, ಆ ಕಡೆ ತಲೆಯನ್ನೇ ಹಾಕಬಾರದೇ? ಅವರ ಅಧಿಕಾರದ ಅಂಗಿ ತೊಟ್ಟರೆ ಅಂಗಿ ಬದಲಾಗುತ್ತೋ ನಾವೋ? ಮೀಸಲು ಕ್ಷೇತ್ರದಿಂದ ಗೆದ್ದು ಹೋದವರನ್ನು ಕಂಡಾಗಲೆಲ್ಲ ಕಾರ್ಯಕರ್ತರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಅಂಬೇಡ್ಕರ್ ಇದಕ್ಕೆ ತಮ್ಮ ಮೈಯಿಂದಲೇ ಒಂದು ಉತ್ತರ ಕೊಟ್ಟಿದ್ದರು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ದಿನಗಳಲ್ಲೇ ಅವರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ಮೊಣಕಾಲಿನವರೆಗೆ ಎತ್ತಿ ಕಟ್ಟುವ ಸೀರೆ, ಕೈತುಂಬ ಭಾರದ ಬೆಳ್ಳಿ ಕಡಗ, ಇವು ನಿಮ್ಮ ಜಾತಿಯನ್ನು ದೂರದಿಂದಲೇ ಸಾರುವ ಗುರುತುಗಳು, ಬಿಡಿ, ಎಲ್ಲರ ಹಾಗೆ ಉಡಿ ಅಂತ. ತಾವು ಸೂಟು ತೊಟ್ಟರು. ಗಾಂಧಿಯ ಅಭಿಮಾನಿಗಳಿಗೆ ಆ ಸೂಟು ಪರದೇಶಿಯಾಗಿ ಕಂಡಿತು. ಕೇರಿಯ ಜನಕ್ಕೆ ಅದೇ ನಮ್ಮವನ ಉಡುಪಾಯಿತು.

ಇಲ್ಲೇ ನನ್ನ ವಾದಕ್ಕೆ ಒಂದು ತೊಡಕಿದೆ. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಬದಾಯೂಂ ಜಿಲ್ಲೆಯಲ್ಲಿ ಅಂಬೇಡ್ಕರ್ ಪ್ರತಿಮೆಯೊಂದನ್ನು ಒಡೆದರು. ಹೊಸದಾಗಿ ಬಂದ ಪ್ರತಿಮೆಯ ಮೈಮೇಲೆ ಕೇಸರಿ ಬಣ್ಣದ ಶೇರ್ವಾನಿ ಇತ್ತು. ಜನ ಒಪ್ಪಲಿಲ್ಲ, ಮತ್ತೆ ನೀಲಿ ಬಳಿದರು. 'ಉಡುಪಿನ ಬಣ್ಣ ಬದಲಿಸಬೇಡಿ' ಅಂದ ಆ ಜನರೂ ಕಾಮಿಕ್ಸ್ ಅಭಿಮಾನಿಗಳೂ ಒಂದೇ ಏನು? ಹೊರಗಿನಿಂದ ನೋಡಿದರೆ ಮಾತು ಒಂದೇ. ಆದರೆ ಸೂಟನ್ನು ಆರಿಸಿಕೊಂಡದ್ದು ಅದನ್ನು ತೊಟ್ಟ ಮನುಷ್ಯ. ಅದನ್ನು ಬದಲಿಸಿದವರು ಅವನನ್ನು ಕೇಳಲಿಲ್ಲ, ಅವನ ಜನರನ್ನೂ ಕೇಳಲಿಲ್ಲ. ಡಯಾನಾಳ ಚಡ್ಡಿಯನ್ನು ಡಯಾನಾ ಆರಿಸಿಕೊಂಡಿರಲಿಲ್ಲ; ಹಾಕಿಸಿದವರು, ತೆಗೆಸಿದವರು, ಕಿರಿದು ಮಾಡಿದವರು ಎಲ್ಲ ಹೆಚ್ಚುಕಮ್ಮಿ ಗಂಡಸರೇ. ಹಳೆಯದನ್ನು ಉಳಿಸು ಅನ್ನೋದೆಲ್ಲ ಸನಾತನ, ಬದಲಿಸು ಅನ್ನೋದೆಲ್ಲ ಪ್ರಗತಿಪರ ಅಂತ ನಮ್ಮ ಗೆಳೆಯರು ಥಟ್ಟನೆ ತೀರ್ಪು ಕೊಡ್ತಾರಲ್ಲ, ಅದು ಇಲ್ಲಿ ನಡೆಯಲ್ಲ.

ಹೊಸ ಜಗಳಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2010ರಲ್ಲಿ ವಂಡರ್ ವುಮನ್‌ನ 600ನೇ ಸಂಚಿಕೆಯಲ್ಲಿ ಸ್ಟ್ರಾಜಿನ್‌ಸ್ಕಿ ಮತ್ತು ಜಿಮ್ ಲೀ ಅವಳಿಗೆ ಕಪ್ಪು ಪ್ಯಾಂಟು, ಜಾಕೆಟ್ಟು ತೊಡಿಸಿದರು. ಗದ್ದಲ ಎಷ್ಟಾಯಿತೆಂದರೆ ದೊಡ್ಡ ದಿನಪತ್ರಿಕೆಗಳು ಸುದ್ದಿ ಮಾಡಿದವು, ಬಾವುಟದ ಗುರುತು ಕಮ್ಮಿಯಾಯಿತು ಅಂತ ದೇಶಭಕ್ತರೂ ಸೇರಿಕೊಂಡರು. ಮರುವರ್ಷ ಇಡೀ ಲೋಕವನ್ನೇ ಹೊಸದಾಗಿ ಶುರುಮಾಡಿದಾಗ ಪ್ರಚಾರದ ಚಿತ್ರದಲ್ಲಿ ಪ್ಯಾಂಟು ಇತ್ತು, ಪುಸ್ತಕ ಬರುವಷ್ಟರಲ್ಲಿ ಚಡ್ಡಿಯಾಗಿತ್ತು. ಅದೇ 2011ರಲ್ಲಿ ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ತೆಗೆದರು. ಸರ್ಕಸ್ಸಿನ ಪೈಲ್ವಾನರಿಂದ ಬಂದ ಚಡ್ಡಿ ಅದು. 2018ರಲ್ಲಿ ಪುಸ್ತಕಕ್ಕೆ, 2025ರಲ್ಲಿ ಸಿನಿಮಾಕ್ಕೆ ಮರಳಿ ಬಂತು. ಆ ಚಡ್ಡಿಗಾಗಿ ಸುರಿಸಿದ ಕಣ್ಣೀರಿನಲ್ಲಿ ಒಂದು ಪಾಲಾದರೂ, 1938ರಲ್ಲಿ 130 ಡಾಲರ್‌ಗೆ ಅವನ ಹಕ್ಕು ಬರೆದುಕೊಟ್ಟು ಬರಿಗೈಯಾದ ಸೀಗೆಲ್ ಮತ್ತು ಶುಸ್ಟರ್ ಎಂಬ ಇಬ್ಬರು ಹುಡುಗರಿಗೆ ಸಲ್ಲಬೇಕಿತ್ತು.

2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತು. ಕಾಗದದ ಹೆಂಗಸು, ನಿಜವಾದ ಸಬಲೀಕರಣಕ್ಕೆ! ಸಮಾರಂಭದಲ್ಲೇ ಅಲ್ಲಿನ ನೌಕರರು ಬೆನ್ನು ತಿರುಗಿಸಿ ನಿಂತರು. ಬಿಳಿ ಮೈ, ಅಸಾಧ್ಯ ಅಂಗಸೌಷ್ಠವ, ಬಾವುಟದ ಗುರುತಿನ ತುಂಡು ಬಟ್ಟೆ, ಇದು ಲೋಕದ ಹೆಣ್ಣುಮಕ್ಕಳ ಮುಖವಲ್ಲ ಅಂತ ಮನವಿ ಬರೆದರು. ಸುಮಾರು 45 ಸಾವಿರ ಜನ ಸಹಿ ಹಾಕಿದರು. ಎರಡು ತಿಂಗಳಲ್ಲಿ ಆ ಪಟ್ಟ ಮುಗಿಯಿತು. ಅಭಿಮಾನಿಗಳು, ಹೆಣ್ಣಿನ ಬಟ್ಟೆ ನೋಡಿ ಅಳೆಯುತ್ತೀರಲ್ಲ ಅಂತ ತಿರುಗಿ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನವಿಯಲ್ಲಿ 'ಬಿಳಿ' ಅನ್ನೋ ಪದ ಇತ್ತು ಅನ್ನೋದನ್ನು ಅವರು ಜಾಣತನದಿಂದ ಮರೆತರು. 1973ರ ಆ ಹಳೆಯ ಸಂಚಿಕೆಯಲ್ಲಿ ಉಡುಪು ಮರಳಿ ಪಡೆದ ಡಯಾನಾಗೆ ಕೆಲಸ ಸಿಕ್ಕಿದ್ದೂ ವಿಶ್ವಸಂಸ್ಥೆಯಲ್ಲೇ. ನ್ಯೂಬಿಯಾಗೆ ಅಲ್ಲಿ ಕೆಲಸ ಕೊಡಿಸಬೇಕು ಅಂತ ಆಗಲೂ ಯಾರಿಗೂ ಹೊಳೆಯಲಿಲ್ಲ, ಈಗಲೂ ಹೊಳೆಯಲಿಲ್ಲ.

2021ರಲ್ಲಿ ನ್ಯೂಬಿಯಾಳನ್ನು ಆ ದ್ವೀಪದ ರಾಣಿ ಮಾಡಿದರು, ಅವಳದೇ ಹೆಸರಿನ ಪುಸ್ತಕ ಬಂತು. ಬರೆದವರಲ್ಲಿ ಕಪ್ಪು ಹೆಣ್ಣುಮಕ್ಕಳಿದ್ದರು. ಅದಕ್ಕೆ ನಲವತ್ತೆಂಟು ವರ್ಷ ಹಿಡಿಯಿತು. ಡೆಲನಿ ಬರೆಯಬೇಕಿದ್ದ ಉಳಿದ ಕತೆಗಳಿಗೆ ಮಾತ್ರ ಯಾರೂ ಚಿತ್ರ ಬರೆಯಲಿಲ್ಲ. ಕೆಲಸ ಕಳೆದುಕೊಂಡ ಆ ಅಂಗಡಿಯ ಹೆಂಗಸರು 203ನೇ ಸಂಚಿಕೆಯ ಕೊನೆಯ ಪುಟದಲ್ಲಿ ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ.